ಚಿತ್ರದ ಜೊತೆ ಹೆಸರೂ ಬೇಕು: ಆರ್ಟ್‌ಸ್ಟೇಷನ್, ಪಿಂಟರೆಸ್ಟ್, ಬಿಹ್ಯಾನ್ಸ್, ಇನ್‌ಸ್ಟಾಗ್ರಾಂ, ಕಾರಾ

ಮೊದಲೇ ಹೇಳಿಬಿಡುತ್ತೇನೆ: ಡಿಜಿಟಲ್ ಚಿತ್ರಕಾರರನ್ನು, ಅದರಲ್ಲೂ ಗೇಮ್ ಮತ್ತು ಸಿನಿಮಾಗಳಿಗೆ ಕಾನ್ಸೆಪ್ಟ್ ಆರ್ಟ್ ಮಾಡುವವರನ್ನು ಹುಡುಕುವುದಕ್ಕೆ ನನ್ನ ಆಯ್ಕೆ ಆರ್ಟ್‌ಸ್ಟೇಷನ್, ಚಿತ್ರಕಾರರು ತಮ್ಮ ಕೆಲಸವನ್ನು ಹಾಕುವ ತಾಣ. ಪಿಂಟರೆಸ್ಟ್, ಬಿಹ್ಯಾನ್ಸ್, ಇನ್‌ಸ್ಟಾಗ್ರಾಂ, ಕಾರಾ ಇವನ್ನೂ ಬಳಸುತ್ತೇನೆ, ಒಂದೊಂದಕ್ಕೂ ಒಂದೊಂದು ಕೆಲಸ ಇದೆ. ಆದರೆ ಒಂದನ್ನು ಮಾತ್ರ ಇಟ್ಟುಕೊಳ್ಳಬೇಕು ಎಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ.

ಯಾಕೆಂದರೆ ಸುಂದರವಾದ ಚಿತ್ರ ಎಲ್ಲಿ ಬೇಕಾದರೂ ಸಿಗುತ್ತದೆ. ಕಲಿಯುವವರಿಗೆ, ಕೆಲಸ ಕೊಡುವವರಿಗೆ, ಕೆಲಸ ಹುಡುಕುವವರಿಗೆ ಬೇಕಾಗಿರುವುದು ಅದನ್ನು ಬರೆದವರ ಹೆಸರು. ಹೆಸರು ಗೊತ್ತಾದರೆ ಅವರ ಉಳಿದ ಕೆಲಸ ಸಿಗುತ್ತದೆ. ಹತ್ತು ವರ್ಷದ ಹಿಂದೆ ಅವರ ಕೈ ಹೇಗಿತ್ತು, ಈಗ ಹೇಗಿದೆ, ಯಾವ ಸಾಫ್ಟ್‌ವೇರ್ ಬಳಸುತ್ತಾರೆ, ಯಾವ ಸ್ಟುಡಿಯೋದಲ್ಲಿದ್ದರು, ಜೊತೆಗೆ ಕೆಲಸ ಮಾಡಿದವರು ಯಾರು, ಎಲ್ಲಕ್ಕೂ ದಾರಿ ತೆರೆಯುತ್ತದೆ. ಹೆಸರಿಲ್ಲದ ಚಿತ್ರದಿಂದ ಮುಂದಕ್ಕೆ ದಾರಿಯೇ ಇಲ್ಲ. ಹಾಗಾಗಿ ನಾನು ಮುಖ್ಯವಾಗಿ ನೋಡುವುದು ಒಂದೇ ವಿಷಯ: ಚಿತ್ರವನ್ನೂ ಹೆಸರನ್ನೂ ಬೇರೆಯಾಗದಂತೆ ಯಾವ ತಾಣ ಹಿಡಿದಿಡುತ್ತದೆ?

ಇಲಸ್ಟ್ರೇಷನ್ ಬೇರೆ, ಕಾನ್ಸೆಪ್ಟ್ ಆರ್ಟ್ ಬೇರೆ ಎನ್ನುವುದನ್ನೂ ಇಲ್ಲಿಯೇ ಹೇಳಬೇಕು, ಯಾಕೆಂದರೆ ಹುಡುಕುವ ಜಾಗ ಅದರ ಮೇಲೆ ಬದಲಾಗುತ್ತದೆ. ಇಲಸ್ಟ್ರೇಷನ್ ಎಂದರೆ ನೋಡುಗರ ಕೈಗೆ ಹೋಗುವ ಕೊನೆಯ ಚಿತ್ರ: ಪುಸ್ತಕದ ಮುಖಪುಟ, ಪೋಸ್ಟರ್, ಪತ್ರಿಕೆಯ ಪುಟ. ಕಾನ್ಸೆಪ್ಟ್ ಆರ್ಟ್ ಇರುವುದು ಮುಂದಿನ ತಂಡಕ್ಕಾಗಿ. ತ್ರೀಡಿ ಮಾಡೆಲ್ ಮಾಡುವವರಿಗೋ ಸೆಟ್ ಕಟ್ಟುವವರಿಗೋ ಏನನ್ನು ಹೇಗೆ ಕಟ್ಟಬೇಕು ಎಂದು ಹೇಳುವ ಚಿತ್ರ ಅದು. ಮುಂದಿನ ನೋಟ, ಪಕ್ಕದ ನೋಟ, ಇಲ್ಲಿ ತುಕ್ಕು ಹಿಡಿದ ಕಬ್ಬಿಣ ಅಲ್ಲಿ ಸವೆದ ಚರ್ಮ ಎನ್ನುವ ಟಿಪ್ಪಣಿ, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ತೋರಿಸುವ ಸಣ್ಣ ಚಿತ್ರ, ಇವೆಲ್ಲ ಅದರೊಳಗೇ ಇರುತ್ತವೆ. ಬರೀ ಮಿರುಗುವ ಚಿತ್ರಗಳನ್ನು ತೋರಿಸುವ ತಾಣದಲ್ಲಿ ಈ ಎರಡನೆಯ ಬಗೆ ಕಣ್ಣಿಗೇ ಬೀಳುವುದಿಲ್ಲ.

ಪಿಂಟರೆಸ್ಟ್‌ನ ತೊಡಕು

ಹೆಚ್ಚಿನವರು ಹುಡುಕಾಟ ಶುರು ಮಾಡುವುದು ಇಲ್ಲಿಂದ. ಒಂದು ಚಿತ್ರ ಒತ್ತಿದರೆ ಅದೇ ಬಣ್ಣದ, ಅದೇ ಭಾವದ ನೂರಾರು ಚಿತ್ರ ಕೆಳಗೆ ಬಂದು ನಿಲ್ಲುತ್ತವೆ. ಮಳೆಗಾಲದ ಹಳ್ಳಿ, ಪಾಳುಬಿದ್ದ ಕೋಟೆ, ಹಡಗುಕಟ್ಟೆ ಎಂದು ಒಂದು ಮೂಡ್ ಬೋರ್ಡ್, ಅಂದರೆ ಒಂದೇ ಭಾವದ ಚಿತ್ರಗಳ ಹಲಗೆ, ಕಟ್ಟಬೇಕಾದರೆ ಇದಕ್ಕಿಂತ ವೇಗದ ದಾರಿ ಇಲ್ಲ. ಆದರೆ ಇಲ್ಲಿ ಹೆಸರು ಕಳೆದುಹೋಗುತ್ತದೆ, ಆ ಒಂದು ತೊಂದರೆಯೇ ಉಳಿದ ಅನುಕೂಲಗಳನ್ನೆಲ್ಲ ನುಂಗಿಹಾಕುತ್ತದೆ.

ಅದು ಹೇಗೆ ಕಳೆದುಹೋಗುತ್ತದೆ ಎಂದು ಗೊತ್ತಿದ್ದರೆ ಮತ್ತೆ ಹುಡುಕುವುದು ಸುಲಭ. ಪಿನ್ ಮಾಡಿದಾಗ, ಅಂದರೆ ಚಿತ್ರವನ್ನು ಪಿಂಟರೆಸ್ಟ್‌ನಲ್ಲಿ ಉಳಿಸಿಕೊಂಡಾಗ, ಅದು ಯಾವ ಪುಟದಿಂದ ಬಂತೋ ಆ ಕೊಂಡಿ ಜೊತೆಗೆ ಹೋಗುತ್ತದೆ. ಆ ಪುಟ ಚಿತ್ರಕಾರರದೇ ಆಗಿದ್ದರೆ ಸರಿ. ಬಹಳ ಸಲ ಅದು ವಾಲ್‌ಪೇಪರ್ ತಾಣವೋ ಯಾರದೋ ಟಂಬ್ಲರ್ ಪುಟವೋ ಆಗಿರುತ್ತದೆ. ಯಾರಾದರೂ ಚಿತ್ರವನ್ನು ಫೋನಿಗೆ ಇಳಿಸಿಕೊಂಡು ಮತ್ತೆ ಏರಿಸಿದರೆ ಆ ಕೊಂಡಿಯೂ ಇರುವುದಿಲ್ಲ. ಇನ್ನು ಕೊಂಡಿ ಸರಿಯಿದ್ದೂ ಆ ತಾಣವೇ ಇಲ್ಲವಾಗಿರುವುದುಂಟು. ಡಿಜಿಟಲ್ ಚಿತ್ರಕಾರರ ಸಿಜಿಹಬ್ ಎಂಬ ದೊಡ್ಡ ತಾಣ 2014ರಲ್ಲಿ ಇದ್ದಕ್ಕಿದ್ದಂತೆ ಮುಚ್ಚಿತು. ಆ ಕಾಲದ ಕಾನ್ಸೆಪ್ಟ್ ಆರ್ಟ್‌ನ ಹಳೆಯ ಪಿನ್‌ಗಳು ಇವತ್ತಿಗೂ ಆ ಸತ್ತ ವಿಳಾಸಕ್ಕೇ ಕರೆದೊಯ್ಯುತ್ತವೆ.

ಹೆಸರು ಕಳೆದುಹೋಗುವುದು ಎಷ್ಟು ಸುಲಭ ಎನ್ನುವುದಕ್ಕೆ ನಮ್ಮ ಕರಾವಳಿಯಲ್ಲೇ ಉದಾಹರಣೆ ಇದೆ. ಕಾರಿನ ಹಿಂಗಾಜಿನ ಮೇಲೆ ಕೇಸರಿ ಕಪ್ಪು ಬಣ್ಣದ ಹನುಮನ ಮುಖ ನೋಡದವರಿಲ್ಲ. ಕಾಸರಗೋಡಿನ ಕುಂಬಳೆಯ ಕರಣ್ ಆಚಾರ್ಯ ಅದನ್ನು 2015ರಲ್ಲಿ ಗೆಳೆಯರ ಬಳಗದ ಬಾವುಟಕ್ಕಾಗಿ ಮಾಡಿಕೊಟ್ಟಿದ್ದು. ಚಿತ್ರ ದೇಶವನ್ನೆಲ್ಲ ಸುತ್ತಿತು. ಸ್ಟಿಕ್ಕರ್ ಅಂಟಿಸಿಕೊಂಡ ಬಹುಪಾಲು ಜನರಿಗೆ ಬರೆದವರು ಯಾರೆಂದೇ ಗೊತ್ತಿರಲಿಲ್ಲ. ಪಿಂಟರೆಸ್ಟ್‌ನಲ್ಲಿ ದಿನವೂ ಆಗುತ್ತಿರುವುದು ಇದೇ.

ಹೆಸರನ್ನು ಮರಳಿ ಪಡೆಯುವ ಕ್ರಮ ಹೀಗೆ. ಪಿನ್ ತೆರೆದು ಮೊದಲು ಮೂಲ ಪುಟಕ್ಕೆ ಹೋಗಿ ನೋಡಿ, ಅಲ್ಲೇ ಸಿಕ್ಕರೆ ಕೆಲಸ ಮುಗಿಯಿತು. ಸಿಗದಿದ್ದರೆ ಚಿತ್ರವನ್ನು ಹೊಸ ಟ್ಯಾಬ್‌ನಲ್ಲಿ ತೆರೆದು ವಿಳಾಸ ಗಮನಿಸಿ. ಅದರ ನಡುವೆ 236ಎಕ್ಸ್ ಅಥವಾ 736ಎಕ್ಸ್ ಎಂದು ಇರುತ್ತದೆ, ಅದು ಚಿತ್ರದ ಅಗಲ. ಆ ತುಂಡನ್ನು ತೆಗೆದು ಇಂಗ್ಲಿಷಿನಲ್ಲಿ ಒರಿಜಿನಲ್ಸ್ ಎಂದು ಹಾಕಿದರೆ ಏರಿಸಿದ ಮೂಲ ಗಾತ್ರ ತೆರೆಯುತ್ತದೆ. ಈ ಹೆಜ್ಜೆಯನ್ನು ಬಿಡಬೇಡಿ. 236 ಪಿಕ್ಸೆಲ್‌ನ ಸಣ್ಣ ಚಿತ್ರ ಕೊಟ್ಟು ಹುಡುಕಿದರೆ ಅದನ್ನೇ ಹೋಲುವ ಬೇರೆ ನೂರು ಚಿತ್ರ ಬರುತ್ತವೆ, ಅದೇ ಚಿತ್ರ ಬರುವುದಿಲ್ಲ. ಕೆಳಗಿನ ಮೂಲೆಯ ಸಹಿ ಕಾಣುವುದೂ ದೊಡ್ಡ ಗಾತ್ರದಲ್ಲೇ. ಸಹಿ ಯಾವಾಗಲೂ ಮೂಲೆಯಲ್ಲಿ ಇರಬೇಕೆಂದಿಲ್ಲ. ಚಿತ್ರದೊಳಗಿನ ಗೋಡೆ, ಹಲಗೆ, ಹಡಗಿನ ಪಕ್ಕ, ಇವುಗಳ ಮೇಲೂ ಸೇರಿಸಿರುತ್ತಾರೆ.

ದೊಡ್ಡ ಚಿತ್ರ ಕೈಗೆ ಬಂದ ಮೇಲೆ, ಚಿತ್ರ ಕೊಟ್ಟರೆ ಅದು ಎಲ್ಲೆಲ್ಲಿ ಇದೆ ಎಂದು ಹುಡುಕಿಕೊಡುವ ಟಿನ್‌ಐ ತಾಣಕ್ಕೆ ಕೊಟ್ಟು, ಫಲಿತಾಂಶವನ್ನು ಅತಿ ಹಳೆಯದು ಮೊದಲು ಎಂದು ಜೋಡಿಸಿ. ಹೆಚ್ಚು ಜನ ಹಂಚಿದ ಪುಟ ನಮಗೆ ಬೇಡ, ಮೊದಲು ಕಾಣಿಸಿಕೊಂಡ ಪುಟ ಬೇಕು. ಅಲ್ಲಿ ಸಿಗದಿದ್ದರೆ ಗೂಗಲ್ ಲೆನ್ಸ್‌ನಲ್ಲಿ ಅದೇ ಚಿತ್ರದ ನಿಖರ ಹೊಂದಿಕೆಗಳನ್ನು ತೋರಿಸುವ ಟ್ಯಾಬ್ ಒತ್ತಿ. ಲೆನ್ಸ್ ಮೊದಲು ತೋರಿಸುವುದು ಹೋಲುವ ಚಿತ್ರಗಳನ್ನು, ಅವುಗಳಲ್ಲಿ ಅರ್ಧ ಅಂಗಡಿಯ ಸಾಮಾನು. ರಷ್ಯಾದ ಹುಡುಕುತಾಣ ಯಾಂಡೆಕ್ಸ್ ಪೇಂಟಿಂಗ್‌ಗಳನ್ನು ಚೆನ್ನಾಗಿ ಹಿಡಿಯುತ್ತದೆ. ಅನಿಮೆ ಶೈಲಿಯಾದರೆ ಸಾಸ್‌ನಾವ್‌ಗೆ ಕೊಡಿ, ಅದು ನೇರ ಪಿಕ್ಸಿವ್ ಎಂಬ ಜಪಾನಿ ಚಿತ್ರ ತಾಣದ ಪುಟಕ್ಕೆ ಕರೆದೊಯ್ಯುತ್ತದೆ. ನಾಲ್ಕರಲ್ಲೂ ಸಿಗದಿದ್ದರೆ ಚಿತ್ರವನ್ನು ಎಡಬಲ ಮಗುಚಿ ಮತ್ತೆ ಹುಡುಕಿ. ಕದ್ದು ಹಾಕುವವರು ಮಗುಚಿ ಹಾಕುವುದು ಸಾಮಾನ್ಯ. ಅದೂ ಆಗದಿದ್ದರೆ ಅಂಚುಗಳನ್ನು ಕತ್ತರಿಸಿ, ಮುಖ್ಯ ಭಾಗವನ್ನಷ್ಟೇ ಕೊಡಿ.

ಹೆಸರು ಸಿಕ್ಕಿದರೂ ಒಮ್ಮೆ ಖಾತ್ರಿ ಮಾಡಿಕೊಳ್ಳಬೇಕು. ಅವರ ಸ್ವಂತ ಪುಟದಲ್ಲಿ ಅದೇ ಚಿತ್ರ ಇದೆಯೇ? ನಿಮ್ಮ ಬಳಿ ಇರುವುದಕ್ಕಿಂತ ದೊಡ್ಡ ಗಾತ್ರದಲ್ಲಿದೆಯೇ? ಅಕ್ಕಪಕ್ಕ ಅದೇ ಕೈಯ ಬೇರೆ ಕೆಲಸ ಇದೆಯೇ? ಮೂರಕ್ಕೂ ಹೌದು ಎಂದಾದರೆ ಮಾತ್ರ ನಂಬಿ.

ಇಷ್ಟೆಲ್ಲ ಒಂದು ಚಿತ್ರಕ್ಕೆ. ಅಭ್ಯಾಸವಾದವರಿಗೂ ಐದು ಹತ್ತು ನಿಮಿಷ ಹಿಡಿಯುತ್ತದೆ. ಮೂವತ್ತು ಚಿತ್ರದ ಬೋರ್ಡ್ ಆದರೆ ಅರ್ಧ ದಿನ ಹೋಯಿತು. ಜೊತೆಗೆ ಈಗ ಎಐ ಚಿತ್ರಗಳು ತುಂಬಿವೆ, ಅವಕ್ಕೆ ಹುಡುಕಲು ಹೆಸರೇ ಇಲ್ಲ. ಪಿಂಟರೆಸ್ಟ್ 2025ರಲ್ಲಿ ಎಐ ಗುರುತು ಹಾಕಲು ಶುರು ಮಾಡಿತು, ಕೆಲವು ವಿಭಾಗಗಳಲ್ಲಿ ಅಂಥವನ್ನು ಕಡಿಮೆ ತೋರಿಸು ಎಂದು ಹೇಳುವ ಆಯ್ಕೆಯನ್ನೂ ಕೊಟ್ಟಿತು. ಆಯ್ಕೆ ಒತ್ತಿ ಇಡಿ, ಆದರೆ ಅದರ ಮೇಲೆ ಭಾರ ಹಾಕಬೇಡಿ.

ಆರ್ಟ್‌ಸ್ಟೇಷನ್

ಸಿಜಿಹಬ್ ಮುಚ್ಚಿದ ವರ್ಷವೇ, ಅಂದರೆ 2014ರಲ್ಲಿ, ಇದು ಶುರುವಾಯಿತು. 2021ರಲ್ಲಿ ಎಪಿಕ್ ಗೇಮ್ಸ್ ಎಂಬ ಗೇಮ್ ಕಂಪನಿ ಕೊಂಡುಕೊಂಡಿತು. ಗೇಮ್ ಮತ್ತು ಸಿನಿಮಾ ಸ್ಟುಡಿಯೋಗಳು ಕೆಲಸಕ್ಕೆ ಜನ ಹುಡುಕುವುದು ಇಲ್ಲೇ. ಹಾಗಾಗಿ ಚಿತ್ರಕಾರರು ತಮ್ಮ ಒಳ್ಳೆಯ ಕೆಲಸವನ್ನು ಸರಿಯಾದ ವಿವರ ಹಾಕಿ ಇಲ್ಲಿಡುತ್ತಾರೆ. ಯಾವ ಸಾಫ್ಟ್‌ವೇರ್, ಯಾವ ಗೇಮ್, ಆರ್ಟ್ ಡೈರೆಕ್ಟರ್ ಯಾರು, ಮಾಡೆಲ್ ಮಾಡಿದವರು ಯಾರು ಎನ್ನುವುದು ವಿವರಣೆಯಲ್ಲೇ ಸಿಗುತ್ತದೆ. ಹೆಸರು ಕಳೆದುಹೋಗುವ ಪ್ರಶ್ನೆಯೇ ಇಲ್ಲ, ಒಂದು ಹೆಸರಿನಿಂದ ನಾಲ್ಕು ಹೆಸರು ಹುಟ್ಟುತ್ತವೆ.

ಆದರೆ ಮುಖಪುಟದಲ್ಲೇ ಸುತ್ತಾಡುವವರಿಗೆ ಇದರ ಅರ್ಧ ಬೆಲೆಯೂ ಸಿಗುವುದಿಲ್ಲ. ಅಲ್ಲಿ ಮೇಲೆ ಬರುವುದು ಲೈಕ್ ಹೆಚ್ಚು ಬಿದ್ದ ಚಿತ್ರ. ಲೈಕ್ ಬೀಳುವುದು ಮುಗಿಸಿ ಹೊಳಪು ಕೊಟ್ಟ ಚಿತ್ರಕ್ಕೆ: ಡ್ರ್ಯಾಗನ್, ಕವಚ ತೊಟ್ಟ ನಾಯಕಿ, ಸಂಜೆ ಬೆಳಕಿನ ಕೋಟೆ. ನಿಜವಾದ ಕೆಲಸದ ಹಾಳೆಗಳು, ಅಂದರೆ ಒಂದೇ ಬಾಗಿಲಿಗೆ ಹನ್ನೆರಡು ಮಾದರಿ ಬರೆದ ಪುಟ, ಆಯುಧದ ಬಿಡಿಭಾಗಗಳ ವಿವರ, ಇವು ಕೆಳಗೆ ಹೂತಿರುತ್ತವೆ. ಹೊರತೆಗೆಯಲು ಹುಡುಕು ಪೆಟ್ಟಿಗೆಗೆ ಹೋಗಿ ಫಿಲ್ಟರ್ ತೆರೆಯಿರಿ. ಮೀಡಿಯಂನಲ್ಲಿ ಡಿಜಿಟಲ್ ಟುಡಿ, ಸಬ್ಜೆಕ್ಟ್‌ನಲ್ಲಿ ಎನ್ವಿರಾನ್ಮೆಂಟಲ್ ಕಾನ್ಸೆಪ್ಟ್ ಆರ್ಟ್, ಕ್ಯಾರೆಕ್ಟರ್ ಡಿಸೈನ್ ಅಥವಾ ಪ್ರಾಪ್ಸ್ ಆರಿಸಿ. ಪದದ ಜಾಗದಲ್ಲಿ ಬೇಕಾದ ವಸ್ತುವಿನ ಹೆಸರಿಗಿಂತ ಕೆಲಸದ ಹೆಸರು ಹಾಕಿ: ಕಾಲ್‌ಔಟ್ (ಭಾಗಗಳ ಟಿಪ್ಪಣಿ), ಥಂಬ್‌ನೇಲ್ಸ್ (ಪುಟ್ಟ ಕರಡು ಚಿತ್ರಗಳು), ಎಕ್ಸ್‌ಪ್ಲೊರೇಷನ್ (ಬೇರೆ ಬೇರೆ ಮಾದರಿಗಳ ಪ್ರಯೋಗ), ಟರ್ನ್‌ಅರೌಂಡ್ (ಸುತ್ತಲಿನ ನೋಟಗಳು). ಕಾಸಲ್ ಎಂದು ಹಾಕಿದರೆ ಕೋಟೆಯ ಚಿತ್ರಗಳು ಬರುತ್ತವೆ. ಕಾಸಲ್ ಎಕ್ಸ್‌ಪ್ಲೊರೇಷನ್ ಎಂದು ಹಾಕಿದರೆ ಕೋಟೆಯನ್ನು ಹೇಗೆ ಯೋಚಿಸಿದರು ಎನ್ನುವುದು ಬರುತ್ತದೆ.

ಇಲ್ಲಿ ಹೊಸಬರನ್ನು ಹುಡುಕುವ ಅತ್ಯುತ್ತಮ ದಾರಿ ಹುಡುಕು ಪೆಟ್ಟಿಗೆಯೂ ಅಲ್ಲ, ಫಾಲೋಯಿಂಗ್ ಪಟ್ಟಿ. ನಿಮಗೆ ಇಷ್ಟವಾದ ಐದು ಜನರನ್ನು ಆರಿಸಿ. ಪ್ರತಿಯೊಬ್ಬರ ಪುಟದಲ್ಲಿ ಅವರು ಯಾರನ್ನು ಹಿಂಬಾಲಿಸುತ್ತಾರೆ ಎನ್ನುವ ಪಟ್ಟಿ ತೆರೆಯಿರಿ. ಮೂರು ಅಥವಾ ಹೆಚ್ಚು ಪಟ್ಟಿಗಳಲ್ಲಿ ಕಾಣುವ ಹೆಸರನ್ನು ಬರೆದಿಡಿ. ಹೀಗೆ ಬರುವ ಹೆಸರುಗಳಲ್ಲಿ ಬಹಳಷ್ಟು ನಮಗೆ ಗೊತ್ತೇ ಇಲ್ಲದ, ಲೈಕ್ ಕಡಿಮೆ ಇರುವ, ಆದರೆ ವೃತ್ತಿಯವರು ಗೌರವಿಸುವ ಕೈಗಳು. ಲೈಕ್ಸ್ ಟ್ಯಾಬ್ ಕೂಡ ಹೀಗೇ ಉಪಯೋಗಕ್ಕೆ ಬರುತ್ತದೆ.

ಶುರು ಮಾಡಲು ಹೆಸರು ಬೇಕಾದರೆ ಇವರನ್ನು ನೋಡಿ. ಎಡಿನ್‌ಬರೋದ ರಾಕ್‌ಸ್ಟಾರ್ ನಾರ್ತ್ ಗೇಮ್ ಸ್ಟುಡಿಯೋದಲ್ಲಿ ಕೆಲಸ ಮಾಡಿದ ಇಯಾನ್ ಮೆಕ್ಯೂ ಬರೆಯುವ ತೇಲುವ ಹಡಗುಗಳಲ್ಲಿ ಹೊರರೇಖೆ ಎಷ್ಟು ಕೆಲಸ ಮಾಡಬಲ್ಲದು ಎಂದು ಕಾಣುತ್ತದೆ. ಸ್ಪಾರ್ತ್ ಎಂಬ ಹೆಸರಿನಲ್ಲಿ ಬರೆಯುವ ನಿಕೊಲಾ ಬೂವಿಯೆ ದೊಡ್ಡ ಸರಳ ಆಕಾರಗಳಿಂದಲೇ ಅಗಾಧ ಗಾತ್ರ ತೋರಿಸುತ್ತಾರೆ. ಸ್ವೀಡನ್ನಿನ ಸೈಮನ್ ಸ್ಟಾಲೆನ್‌ಹಾಗ್ ಮಾಮೂಲಿ ಹಳ್ಳಿ ಬಯಲಿನಲ್ಲಿ ಯಂತ್ರ ನಿಲ್ಲಿಸುತ್ತಾರೆ, ಬಯಲು ಅಷ್ಟು ನಿಜವಾಗಿರುವುದರಿಂದ ಯಂತ್ರವೂ ನಿಜವೆನಿಸುತ್ತದೆ. ಬಣ್ಣಕ್ಕೆ ನೆದರ್‌ಲೆಂಡ್ಸ್‌ನ ಲೋಯಿಶ್. ಇನ್ನು ಡಿಜಿಟಲ್ ಪೇಂಟಿಂಗ್‌ನ ಹಿರಿಯ ಕ್ರೇಗ್ ಮಲಿನ್ಸ್ ಅವರ ಗುಡ್‌ಬ್ರಷ್ ತಾಣಕ್ಕೆ ನೇರವಾಗಿಯೇ ಹೋಗಿ.

ಸ್ಟುಡಿಯೋಗಳ ವಿಷಯಕ್ಕೆ ಬಂದರೆ ಆರ್ಟ್‌ಸ್ಟೇಷನ್ ಬಿಟ್ಟು ಬೇರೆ ಮಾತೇ ಇಲ್ಲ. ದೊಡ್ಡ ಗೇಮ್ ಬಿಡುಗಡೆಯಾದಾಗ ಇಡೀ ಕಲಾ ತಂಡ ಒಟ್ಟಿಗೆ ತಮ್ಮ ಕೆಲಸ ಹಾಕುತ್ತದೆ. ಇದನ್ನು ಆರ್ಟ್ ಬ್ಲಾಸ್ಟ್ ಎನ್ನುತ್ತಾರೆ. ಆರ್ಟ್‌ಸ್ಟೇಷನ್‌ನ ಮ್ಯಾಗಜೀನ್ ವಿಭಾಗದಲ್ಲಿ ಎಲ್ಲರ ಕೊಂಡಿ ಒಂದೇ ಪುಟದಲ್ಲಿ ಇರುತ್ತದೆ. ಕಾನ್ಸೆಪ್ಟ್ ಮಾಡಿದವರು, ಅದನ್ನು ಮಾಡೆಲ್ ಮಾಡಿದವರು, ಬೆಳಕು ಹಾಕಿದವರು ಪಕ್ಕಪಕ್ಕದಲ್ಲೇ ಸಿಗುವುದರಿಂದ, ಒಂದು ಸ್ಕೆಚ್ ಕೊನೆಗೆ ತೆರೆಯ ಮೇಲೆ ಏನಾಯಿತು ಎಂದು ಹೋಲಿಸಿ ನೋಡಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಬೇರೆ ಕಂಡಿಲ್ಲ, ಅದೂ ಪುಕ್ಕಟೆ.

ಇಲ್ಲೊಂದು ಮಿತಿ ಇದೆ. ಸ್ಟುಡಿಯೋದಲ್ಲಿ ಮಾಡಿದ ಕೆಲಸ ಗೌಪ್ಯತೆಯ ಒಪ್ಪಂದದ ಕೆಳಗೆ ಇರುತ್ತದೆ, ಗೇಮ್ ಬಿಡುಗಡೆಯಾಗುವವರೆಗೆ ಹಾಕುವಂತಿಲ್ಲ. ನೀವು ಇವತ್ತು ನೋಡುವ ಸ್ಟುಡಿಯೋ ಕೆಲಸ ಕೆಲವು ವರ್ಷ ಹಿಂದಿನದು. ಒಬ್ಬರ ಈಗಿನ ಕೈ ನೋಡಬೇಕಾದರೆ ಅವರ ಪುಟದಲ್ಲಿ ಪರ್ಸನಲ್ ಎಂದು ಗುರುತು ಮಾಡಿದ ಕೆಲಸ ನೋಡಬೇಕು.

ಗೇಮ್‌ನ ಹೆಸರು ಮಾತ್ರ ಗೊತ್ತಿದ್ದು ಜನ ಗೊತ್ತಿಲ್ಲದಿದ್ದರೆ ಹಿಂದಿನಿಂದ ಬನ್ನಿ. ಗೇಮ್‌ಗಳ ವಿವರ ಪಟ್ಟಿ ಮಾಡುವ ಮೋಬಿಗೇಮ್ಸ್ ತಾಣದಲ್ಲಿ ಗೇಮ್ ತೆರೆದು ಕ್ರೆಡಿಟ್ಸ್‌ನಲ್ಲಿ ಕಾನ್ಸೆಪ್ಟ್ ಆರ್ಟಿಸ್ಟ್ ಸಾಲು ನೋಡಿ. ಸಿನಿಮಾ ಆದರೆ ಐಎಂಡಿಬಿಯಲ್ಲಿ ಪೂರ್ತಿ ತಂಡದ ಪಟ್ಟಿ ತೆರೆದು ಆರ್ಟ್ ಡಿಪಾರ್ಟ್‌ಮೆಂಟ್ ವಿಭಾಗಕ್ಕೆ ಇಳಿಯಿರಿ. ಆ ಹೆಸರುಗಳನ್ನು ಆರ್ಟ್‌ಸ್ಟೇಷನ್‌ನಲ್ಲಿ ಹುಡುಕಿ. ಹೊರಗುತ್ತಿಗೆ ಸ್ಟುಡಿಯೋದವರಾದರೆ ಬಹಳ ಸಲ ಕ್ರೆಡಿಟ್ಸ್‌ನಲ್ಲಿ ಸ್ಟುಡಿಯೋ ಹೆಸರಷ್ಟೇ ಇರುತ್ತದೆ, ಜನರ ಹೆಸರು ಇರುವುದಿಲ್ಲ. ದುಡಿದವರಿಗೆ ಆಗುವ ಅನ್ಯಾಯ ಅದು. ಆಗ ಸ್ಟುಡಿಯೋ ಹೆಸರನ್ನೇ ಆರ್ಟ್‌ಸ್ಟೇಷನ್‌ನಲ್ಲಿ ಹಾಕಿದರೆ, ರೆಸ್ಯೂಮೆಯಲ್ಲಿ ಅದನ್ನು ಬರೆದುಕೊಂಡವರು ಸಿಗುತ್ತಾರೆ. ಬರ್ಲಿನ್ನಿನ ಕರಾಕ್ಟರ್, ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ ಶುರುವಾದ ಆಟಂಹಾಕ್, ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿರುವ ವೇಟಾ ವರ್ಕ್‌ಶಾಪ್, ಇವನ್ನು ಹೀಗೆ ಜನರ ಮೂಲಕ ನೋಡಿದರೆ ಸ್ಟುಡಿಯೋದ ಸ್ವಂತ ತಾಣದಲ್ಲಿ ಕಾಣದಷ್ಟು ಕಾಣುತ್ತದೆ. ಸ್ಟುಡಿಯೋ ತಾಣಗಳು ಗಿರಾಕಿಗಳಿಗಾಗಿ ಇರುವುದರಿಂದ ಆರಿಸಿದ ಕೆಲವೇ ಚಿತ್ರಗಳು ಇರುತ್ತವೆ, ಅವುಗಳ ಕೆಳಗೆ ಸಾಮಾನ್ಯವಾಗಿ ವ್ಯಕ್ತಿಯ ಹೆಸರು ಇರುವುದಿಲ್ಲ.

ಬೆಂಗಳೂರಿನ ಸ್ಟುಡಿಯೋಗಳನ್ನು ಹುಡುಕುವಾಗ ಹಳೆಯ ಹೆಸರೂ ಗೊತ್ತಿರಬೇಕು. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ವಿದೇಶದ ದೊಡ್ಡ ಗೇಮ್‌ಗಳಿಗೆ ಕಲಾ ಕೆಲಸ ಮಾಡುತ್ತಿತ್ತು, 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡುಕೊಂಡು ರಾಕ್‌ಸ್ಟಾರ್ ಇಂಡಿಯಾದೊಳಗೆ ಸೇರಿಸಿಕೊಂಡಿತು. 2025ರ ಫೆಬ್ರುವರಿಯಲ್ಲಿ ಸಿನಿಮಾ ವಿಶುವಲ್ ಎಫೆಕ್ಟ್ಸ್ ಮಾಡುತ್ತಿದ್ದ ಟೆಕ್ನಿಕಲರ್ ಸಮೂಹ ಕುಸಿದಾಗ ಅದರ ಬೆಂಗಳೂರಿನ ಕಚೇರಿಯೂ ಬಾಗಿಲು ಹಾಕಿತು. ಕಂಪನಿ ಹೋದರೂ ಅಲ್ಲಿ ದುಡಿದವರ ಪುಟಗಳು ಇವೆ. ಹಳೆಯ ಹೆಸರು ಹಾಕಿ ಹುಡುಕಿ, ಆರ್ಟಿಸ್ಟ್ಸ್ ಟ್ಯಾಬ್‌ನಲ್ಲಿ ದೇಶ ಭಾರತ ಎಂದು ಆರಿಸಿ. ಊರಿಗೆ ಬ್ಯಾಂಗಲೋರ್, ಬೆಂಗಳೂರು ಎರಡೂ ಇಂಗ್ಲಿಷ್ ಕಾಗುಣಿತ ಹಾಕಿ ನೋಡಿ, ಎರಡಕ್ಕೂ ಬೇರೆ ಬೇರೆ ಜನ ಬರುತ್ತಾರೆ.

ಎಐ ವಿಷಯದಲ್ಲಿ ಆರ್ಟ್‌ಸ್ಟೇಷನ್ ಕೂಡ ನಿರ್ಮಲವಾಗಿಲ್ಲ. 2022ರ ಡಿಸೆಂಬರ್‌ನಲ್ಲಿ ಸಾವಿರಾರು ಚಿತ್ರಕಾರರು ಎಐ ಬೇಡ ಎನ್ನುವ ಒಂದೇ ಫಲಕವನ್ನು ತಮ್ಮ ಪುಟಗಳಿಗೆ ಏರಿಸಿ ಪ್ರತಿಭಟಿಸಿದರು, ಮುಖಪುಟವೆಲ್ಲ ಅದೇ ಆಗಿತ್ತು. ಆಮೇಲೆ ಗುರುತು ಹಾಕುವ ವ್ಯವಸ್ಥೆ, ಎಐ ಕೆಲಸವನ್ನು ಮರೆಮಾಡುವ ಆಯ್ಕೆ ಬಂದವು. ಆದರೆ ಗುರುತು ಹಾಕಬೇಕಾದವರು ಏರಿಸಿದವರೇ, ಹಾಗಾಗಿ ತಪ್ಪಿಸಿಕೊಳ್ಳುವವರು ಇದ್ದಾರೆ. ಅನುಮಾನ ಬಂದರೆ ಆ ಪುಟದ ಹಳೆಯ ಕೆಲಸಕ್ಕೆ ಇಳಿಯಿರಿ. ಎಐ ಚಿತ್ರ ಮಾಡುವ ಸಾಧನಗಳಲ್ಲಿ ಮಿಡ್‌ಜರ್ನಿ 2022ರ ಜುಲೈನಲ್ಲಿ ಎಲ್ಲರಿಗೂ ತೆರೆಯಿತು, ಸ್ಟೇಬಲ್ ಡಿಫ್ಯೂಷನ್ ಮುಂದಿನ ತಿಂಗಳು ಬಂತು. ಅದಕ್ಕೂ ಮೊದಲಿನ ಕೆಲಸದಲ್ಲಿ ಇದೇ ಕೈ ಕಂಡರೆ ನಿಶ್ಚಿಂತೆ. ಹೊಸಬರಾದರೆ ಸ್ಕೆಚ್, ಹಂತಗಳು, ಒಂದೇ ವಸ್ತುವಿನ ಎರಡು ಕೋನದ ನೋಟ ಇವೆಯೇ ನೋಡಿ. ಎರಡೂ ಕೋನದಲ್ಲಿ ಮೆಟ್ಟಿಲು, ಬಾಗಿಲು, ಬೆಲ್ಟಿನ ಬಕಲ್ ಹೊಂದಬೇಕು. ಹುಡುಕುವಾಗಲೇ ಸೋಸಬೇಕಾದರೆ ಗೂಗಲ್‌ನಲ್ಲಿ ಇಂಗ್ಲಿಷಿನ ಸೈಟ್ ಪದ, ಕೋಲನ್, ಆರ್ಟ್‌ಸ್ಟೇಷನ್ ವಿಳಾಸ, ಆಮೇಲೆ ನಿಮ್ಮ ಪದ, ಕೊನೆಗೆ ಬಿಫೋರ್, ಕೋಲನ್, 2022-07-01 ಎಂದು ಹಾಕಿ. ಕೋಲನ್ ನಂತರ ಜಾಗ ಬಿಟ್ಟರೆ ಇದು ಕೆಲಸ ಮಾಡುವುದಿಲ್ಲ.

ಬಿಹ್ಯಾನ್ಸ್

ನಿಮಗೆ ಬೇಕಾಗಿರುವುದು ಪುಸ್ತಕ, ಪತ್ರಿಕೆ, ಪ್ಯಾಕೇಜಿಂಗ್ ಚಿತ್ರಕಾರರಾದರೆ ನನ್ನ ಮಾತು ಬದಲಾಗುತ್ತದೆ, ಇಲ್ಲಿಗೆ ಬನ್ನಿ. ವಿನ್ಯಾಸಕಾರರು, ಚಿತ್ರಕಾರರು ತಮ್ಮ ಪ್ರಾಜೆಕ್ಟ್‌ಗಳನ್ನು ಹಾಕುವ ಈ ತಾಣ 2012ರಿಂದ ಫೋಟೋಶಾಪ್ ಮಾಡುವ ಅಡೋಬಿ ಕೈಯಲ್ಲಿದೆ. ಊರಿನ ಫಿಲ್ಟರ್ ಇಲ್ಲಿಯ ದೊಡ್ಡ ಬಲ. ಕ್ಷೇತ್ರ ಇಲಸ್ಟ್ರೇಷನ್, ದೇಶ ಭಾರತ, ಊರು ಬೆಂಗಳೂರು ಎಂದು ಆರಿಸಿದರೆ ನಮ್ಮೂರಿನವರೇ ಸಾಲಾಗಿ ಬರುತ್ತಾರೆ, ಮೈಸೂರು ಮಂಗಳೂರಿಗೂ ಪ್ರಯತ್ನಿಸಬಹುದು. ಮೆಟ್ಟಿಲುಬಾವಿಗಳ ಸರಣಿ ಮಾಡಿದ ಬೆಂಗಳೂರಿನ ರಂಗನಾಥ್ ಕೃಷ್ಣಮಣಿ ಅವರಂಥವರ ಕೆಲಸವನ್ನು ಸರಣಿಯಾಗಿ, ಹಂತಗಳ ಸಮೇತ ನೋಡಲು ಇಲ್ಲಿನ ಉದ್ದ ಪುಟ ಹೇಳಿ ಮಾಡಿಸಿದಂತಿದೆ. ವಿಂಗಡಣೆಯನ್ನು ಶಿಫಾರಸಿನಿಂದ ಇತ್ತೀಚಿನದಕ್ಕೆ ಬದಲಿಸಿ, ಇಲ್ಲದಿದ್ದರೆ ಅದೇ ಹಳೆಯ ಜನಪ್ರಿಯ ಪ್ರಾಜೆಕ್ಟ್‌ಗಳು ಮೇಲೆ ಕೂರುತ್ತವೆ.

ತೊಂದರೆ ಎಂದರೆ ಮಾಕ್‌ಅಪ್, ಅಂದರೆ ಚಿತ್ರವನ್ನು ವಸ್ತುಗಳ ಮೇಲೆ ಕೂರಿಸಿ ತೋರಿಸುವ ನಮೂನೆ. ಒಂದು ಚಿತ್ರವನ್ನೇ ಕಪ್, ಚೀಲ, ಗೋಡೆ, ಅಂಗಿ ಎಂದು ಎಂಟು ಕಡೆ ಅಂಟಿಸಿ ತೋರಿಸುತ್ತಾರೆ, ನಿಜವಾದ ಚಿತ್ರಕ್ಕೆ ಬಹಳ ಕೆಳಗೆ ಇಳಿಯಬೇಕು. ಪುಟಗಳು ಭಾರ, ಮೊಬೈಲ್ ಡೇಟಾ ಬೇಗ ಕರಗುತ್ತದೆ. ಗೇಮ್ ಸ್ಟುಡಿಯೋಗಳಿಗೆ ಇಲ್ಲಿ ಹುಡುಕುವುದು ಕಾಲಹರಣ.

ಇನ್‌ಸ್ಟಾಗ್ರಾಂ

ಹೊಸ ಹೆಸರು ಕಿವಿಗೆ ಬೀಳಲು ಒಳ್ಳೆಯದು, ಕೂತು ಅಭ್ಯಾಸ ಮಾಡಲು ಆಗದು. ಚಿತ್ರದ ಅಗಲವನ್ನು ಅದು 1080 ಪಿಕ್ಸೆಲ್‌ಗೆ ಇಳಿಸುತ್ತದೆ, ಮೇಲೆ ಒತ್ತಿ ಕುಗ್ಗಿಸುತ್ತದೆ. ಕುಂಚದ ಗುರುತು ಅಲ್ಲಿ ಉಳಿಯುವುದಿಲ್ಲ. ಆದರೆ ಸ್ಕೆಚ್‌ಬುಕ್ ಪುಟ, ಬರೆಯುವ ವಿಡಿಯೋ, ಆರ್ಟ್‌ಸ್ಟೇಷನ್ ಪುಟವೇ ಇಲ್ಲದ ಭಾರತೀಯ ಇಲಸ್ಟ್ರೇಟರ್‌ಗಳು, ಇವರಿಗಾಗಿ ಇಟ್ಟುಕೊಳ್ಳಬೇಕಾಗುತ್ತದೆ. ಹಿಂಬಾಲಿಸುವವರ ಚಿತ್ರ ಮಾತ್ರ ದಿನಾಂಕದ ಕ್ರಮದಲ್ಲಿ ಬೇಕಾದರೆ ಫಾಲೋಯಿಂಗ್ ಫೀಡ್‌ಗೆ ಬದಲಿಸಿ. ಸೆಟ್ಟಿಂಗ್ಸ್‌ನಲ್ಲಿ ಸಲಹೆಯ ಪೋಸ್ಟ್‌ಗಳನ್ನು 30 ದಿನ ತಡೆಹಿಡಿಯುವ ಆಯ್ಕೆ ಇದೆ, ತಿಂಗಳು ಮುಗಿದರೆ ಅದು ತಾನೇ ತೆರೆದುಕೊಳ್ಳುತ್ತದೆ, ಮತ್ತೆ ಹಾಕಬೇಕು.

ಕಾರಾ

ಮನಸ್ಸಿಗೆ ಹತ್ತಿರವಾದದ್ದು ಚಿತ್ರಕಾರರಿಗಾಗಿಯೇ ಇರುವ ಈ ಸಾಮಾಜಿಕ ತಾಣ. ಸಿಂಗಪುರದ ಛಾಯಾಗ್ರಾಹಕಿ ಜಿಂಗ್ನಾ ಜಾಂಗ್ ಶುರು ಮಾಡಿದ್ದು. ತಮ್ಮ ಫೋಟೋವನ್ನು ನಕಲು ಮಾಡಿ ಪೇಂಟಿಂಗ್ ಮಾಡಿದವರ ಮೇಲೆ ಲಕ್ಸೆಂಬರ್ಗ್‌ನ ನ್ಯಾಯಾಲಯದಲ್ಲಿ ಹೋರಾಡಿ 2024ರಲ್ಲಿ ಗೆದ್ದವರು ಅವರು. ಅದೇ ವರ್ಷ ಜೂನ್‌ನಲ್ಲಿ, ಮೆಟಾ ತನ್ನ ಎಐಗೆ ಬಳಕೆದಾರರ ಚಿತ್ರ ಬಳಸುತ್ತದೆ ಎನ್ನುವ ಸಿಟ್ಟಿನಲ್ಲಿ, ಸುಮಾರು ಒಂದು ವಾರದಲ್ಲಿ ಇದರ ಬಳಕೆದಾರರು 40,000ದಿಂದ 6,50,000 ದಾಟಿದರು. ಪೋರ್ಟ್‌ಫೋಲಿಯೋದಲ್ಲಿ ಎಐ ಚಿತ್ರಕ್ಕೆ ಅವಕಾಶ ಇಲ್ಲ. ಹಾಗಾಗಿ ಇಲ್ಲಿ ಸಿಗುವ ಹೆಸರನ್ನು ಮತ್ತೆ ಸೋಸುವ ಕೆಲಸ ಬಹುಪಾಲು ತಪ್ಪುತ್ತದೆ.

ಆದರೆ ಸ್ಟುಡಿಯೋಗಳ ಹಳೆಯ ಸಂಗ್ರಹ ಇಲ್ಲಿಲ್ಲ, ಬಹಳ ಜನ ಆ ಅಲೆಯಲ್ಲಿ ಬಂದು ನಾಲ್ಕು ಚಿತ್ರ ಹಾಕಿ ಸುಮ್ಮನಾದರು. ಇನ್ನೊಂದು ಸಣ್ಣ ವಿಷಯ ಅಭ್ಯಾಸ ಮಾಡುವವರಿಗೆ: ಷಿಕಾಗೋ ವಿಶ್ವವಿದ್ಯಾಲಯದವರ ಗ್ಲೇಜ್ ಎಂಬ ರಕ್ಷಾ ಸಾಧನವನ್ನು ಕಾರಾ ಒಳಗೇ ಬಳಸಬಹುದು. ಅದು ಎಐಗೆ ಶೈಲಿ ಕದಿಯಲು ಕಷ್ಟವಾಗುವಂತೆ ಚಿತ್ರವನ್ನು ಸ್ವಲ್ಪ ಬದಲಿಸುತ್ತದೆ. ಖಾಲಿ ಆಕಾಶ, ಕೆನ್ನೆಯಂಥ ನಯವಾದ ಜಾಗದಲ್ಲಿ ಆ ಬದಲಾವಣೆ ಸಣ್ಣ ಸುಕ್ಕಿನಂತೆ ಕಾಣಬಹುದು. ಅದು ಚಿತ್ರಕಾರರ ಕುಂಚದ ಗುರುತು ಎಂದುಕೊಂಡು ಅನುಕರಿಸಬೇಡಿ.

ಪಿಕ್ಸಿವ್ ಜಪಾನಿ ಶೈಲಿಗೆ ಸಾಟಿಯಿಲ್ಲದ್ದು, ಆದರೆ ಜನಪ್ರಿಯತೆಯ ಕ್ರಮದಲ್ಲಿ ನೋಡಲು ದುಡ್ಡು ಕಟ್ಟಬೇಕು. ಎಐ ಕೆಲಸ ಮರೆಮಾಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇದೆ. ಡೀವಿಯಂಟ್‌ಆರ್ಟ್ 2000ದಿಂದ ಇದೆ, ಹಳೆಯ ಕೆಲಸ ಅಗೆಯಲು ಮಾತ್ರ ಹೋಗುತ್ತೇನೆ.

ದುಡ್ಡು ಮತ್ತು ರೂಢಿ

ನನ್ನದು ಕಂಪ್ಯೂಟರ್ ಮುಂದೆ ಕೂತು ನೋಡುವ ರೂಢಿ, ಇದಕ್ಕೆಂದು ತಿಂಗಳ ಚಂದಾ ಕಟ್ಟುವುದಿಲ್ಲ. ಈ ಎರಡಕ್ಕೂ ಆರ್ಟ್‌ಸ್ಟೇಷನ್ ಸರಿಹೊಂದುತ್ತದೆ. ನೋಡುಗರು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ, ಪ್ರೊ ಖಾತೆ ಚಿತ್ರ ಹಾಕುವವರಿಗೆ. ಚಿತ್ರದ ವಿಳಾಸದಲ್ಲಿ ಲಾರ್ಜ್ ಎಂದು ಇರುವಲ್ಲಿ 4ಕೆ ಎಂದು ಬದಲಿಸಿದರೆ, ಚಿತ್ರಕಾರರು ದೊಡ್ಡದನ್ನು ಏರಿಸಿದ್ದ ಪಕ್ಷದಲ್ಲಿ ಅದು ತೆರೆಯುತ್ತದೆ. ಪ್ರೊಫೈಲ್ ವಿಳಾಸದ ಕೊನೆಗೆ ಡಾಟ್ ಆರ್‌ಎಸ್‌ಎಸ್ ಸೇರಿಸಿ ಫೀಡ್ ರೀಡರ್‌ಗೆ (ತಾಣಗಳ ಹೊಸ ಪೋಸ್ಟ್‌ಗಳನ್ನು ಒಂದೆಡೆ ತೋರಿಸುವ ಆಪ್‌ಗೆ) ಕೊಟ್ಟರೆ ಹೊಸ ಕೆಲಸ ತಾನಾಗಿ ಬರುತ್ತದೆ, ಯಾವ ಆಲ್ಗರಿದಂ ನಡುವೆ ಇಲ್ಲ. ನೀವು ಫೋನಿನಲ್ಲೇ ನೋಡುವವರಾದರೆ ಈ ಲಾಭಗಳು ಅರ್ಧಕ್ಕೆ ಇಳಿಯುತ್ತವೆ. ಆಗ ಇನ್‌ಸ್ಟಾಗ್ರಾಂನಲ್ಲಿ ಹೆಸರು ಹಿಡಿದು, ಕಾರಾದಲ್ಲಿ ಹಿಂಬಾಲಿಸಿ, ವಾರಕ್ಕೊಮ್ಮೆ ದೊಡ್ಡ ಪರದೆಯಲ್ಲಿ ಆರ್ಟ್‌ಸ್ಟೇಷನ್ ತೆರೆಯುವುದು ಸರಿಯಾದ ಹೊಂದಾಣಿಕೆ.

ಉಳಿಸಿಟ್ಟ ಚಿತ್ರಗಳನ್ನು ಪ್ಯೂರ್‌ರೆಫ್ ಎಂಬ ಬೋರ್ಡ್ ಸಾಫ್ಟ್‌ವೇರ್‌ನಲ್ಲಿ ಹರಡಿಕೊಳ್ಳಿ. ವೈಯಕ್ತಿಕ ಬಳಕೆಗೆ ಅದರ ಬೆಲೆ ನೀವೇ ನಿರ್ಧರಿಸುವುದು. ಆದರೆ ಬೋರ್ಡಿಗೆ ಎಳೆಯುವ ಮೊದಲು ಫೈಲನ್ನು ಕಂಪ್ಯೂಟರಿಗೆ ಇಳಿಸಿ, ಚಿತ್ರಕಾರರ ಹೆಸರು, ಪ್ರಾಜೆಕ್ಟ್, ವರ್ಷ ಈ ಕ್ರಮದಲ್ಲಿ ಮರುಹೆಸರು ಕೊಡಿ. ಬ್ರೌಸರ್‌ನಿಂದ ನೇರ ಎಳೆದರೆ ಉದ್ದನೆಯ ಅಂಕಿಗಳ ಹೆಸರೇ ಉಳಿಯುತ್ತದೆ, ಮೂರು ತಿಂಗಳ ನಂತರ ಅದೇ ಚಿತ್ರಕ್ಕೆ ಮತ್ತೆ ಟಿನ್‌ಐ ತೆರೆಯಬೇಕಾಗುತ್ತದೆ.